ಮೀಠು ಬಂಧ್

ಜನವರಿ 6, ಬೆಳಿಗ್ಗೆ
ಬರೆಯಬೇಕಂತೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು, "ಅಪ್ಪಾ, ದಿನಾ ಬಿಪಿ ಬರದಿಡು" ಎಂದಳು ಮಗಳು ಮೇದಿನಿ. ಬ್ಯಾಂಕಿನಲ್ಲೂ ಎಲ್ಲರನ್ನು ಹೀಗೇ ಗೋಳುಹೊಯ್ದುಕೊಳ್ಳುತ್ತಾಳೋ ಏನೋ. 160/100. ಬರೆದೆ. ಇಳಿಯಿತೇ?

ಜನವರಿ 9
150/95. ಸೊಸೈಟಿಯ ಬೆಂಚಿನ ಮೇಲೆ ಕೂತ ಮುದುಕರಲ್ಲಿ ಒಬ್ಬನೂ ಪೂರಾ ಇಲ್ಲ. ಒಬ್ಬನಿಗೆ ಶುಗರ್, ಒಬ್ಬನಿಗೆ ಮೊಣಕಾಲು. ಶೇಷಾದ್ರಿಗೆ ಎರಡೂ, ಮೇಲೆ ಬಿಪಿ. ಗುಳಿಗೆಗಳನ್ನು ಇಸ್ಪೀಟಿನ ಎಲೆ ಹಾಗೆ ಹರಡಿ, "ಲಿಂಗರಾಜ, ನಿನ್ನವು ತೋರ್ಸಪ್ಪಾ" ಅಂದ. ಎದ್ದು ಬಂದೆ.
ನನ್ನ ಹೆಂಡತಿ ಸುಭದ್ರಾಳ ಬಿಪಿ ನನ್ನದಕ್ಕಿಂತ ಹಳೆಯದು. ಪಥ್ಯ ಮಾಡಿಸಿದವನು ನಾನೇ. ಮಗಳ ನೌಕರಿಗೆಂದು ಗುಜರಾತಿಗೆ ಬಂದು ಕೆಲವು ವರ್ಷದ ಮೇಲೆ, ಇಲ್ಲಿಯ ಡಾಕ್ಟರು "ಮೀಠು ಬಂಧ್" ಎಂದಿದ್ದರು. ಸಿಹಿ ಬಂದ್ — ಅಷ್ಟು ಹಿಂದಿ ನನಗೂ ಬರುತ್ತದೆ. ಊರಿಂದ ಬಂದ ಪೇಢೆಯನ್ನೂ ಅವಳ ಕೈಯಿಂದ ಕಸಿದಿಟ್ಟೆ. ಆದರೂ ಹೋದಳು. ತಲೆಯೊಳಗೆ ನರ ಒಡೆಯಿತು ಎಂದರು.

ಜನವರಿ 17
ಪಕ್ಕದ ಮನೆಯ ಇಂದಿರಾಬೆನ್ ವಾಟಿ ಹಿಡಿದು ಬಂದಳು. "ಕಾಕಾ, ಥೋಡು ಮೀಠು ಆಪೋ ನೇ." ಸಿಹಿ ಕೇಳುತ್ತಿದ್ದಾಳೆಂದು ಸಕ್ಕರೆ ಹಾಕಿದೆ. ನಕ್ಕಳು. "ಅರೇ ಕಾಕಾ, ಆ ತೋ ಖಾಂಡ್ ಛೇ. ಮೀಠು ಎಟಲೇ ನಮಕ್."
ಮೀಠು ಅಂದರೆ ಉಪ್ಪು.
ನಮಗೆ ಗೊತ್ತೇ ಇರಲಿಲ್ಲ, ಎಂದೆ. ಸುಭದ್ರಾ ಕಾಕಿಗೆ ಗೊತ್ತಿತ್ತಲ್ಲ, ಎಂದಳು. ನೀವು ಇಲ್ಲಿಗೆ ಬಂದ ವರ್ಷವೇ ನಮ್ಮ ಮನೆಗೆ ಬಂದು ಮೀಠು ಕೇಳುತ್ತಿದ್ದರು.

ಜನವರಿ 18
ಬಿಪಿ ನೋಡಲಿಲ್ಲ.

ಜನವರಿ 24, ಮಧ್ಯಾಹ್ನ
ಮೀಠಿನ ಸಂಗತಿ ಮೇದಿನಿಗೆ ಹೇಳಿಲ್ಲ. ಬಿಪಿಗೆ ಉಪ್ಪು ಆಗದೆಂದು ಮೊನ್ನೆ ಎಲ್ಲೋ ಓದಿ, ನನಗೆಂದು ಇವತ್ತು ಮೊದಲ ಸಲ ಉಪ್ಪಿಲ್ಲದ ಸಾರು ಮಾಡಿಟ್ಟು ಆಫೀಸಿಗೆ ಹೋದಳು. ಒಂದು ತುತ್ತು... ಇದೇ ಸಾರು. ಡಾಕ್ಟರ ಹತ್ತಿರ ಹೋಗಿ ಬಂದ ಮರುದಿನ ಸುಭದ್ರಾ ಬಡಿಸಿದ್ದು. ತಾಟು ನೂಕಿದ್ದೆ. "ಇದೇನ ಸಾರೋ, ಕೈ ತೊಳಕೊಳ್ಳೋ ನೀರೋ?"
"ಉಪ್ಪ ಮರತೆ. ತಡೀರಿ" ಎಂದು ಎದ್ದಳು.
ಮರೆತಿರಲಿಲ್ಲ. ಆಮೇಲೆ ಎಂದೂ ಸಾರು ಸಪ್ಪಗಾಗಲಿಲ್ಲ. ನನಗೆ ಬಡಿಸಿದ್ದನ್ನೇ ತಾನೂ ಉಂಡಳು. ಪೇಢೆ ಕಸಿದಾಗ ಬಾಯಿ ಬಿಡಲಿಲ್ಲ.
ಇದನ್ನು ಬರೆಯುವಾಗ ಅಡಿಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ಸದ್ದಾಯಿತು. ಮನೆಯಲ್ಲಿ ನಾನೊಬ್ಬನೇ.

ಫೆಬ್ರುವರಿ 2
ದಿನಾ ಊಟದ ಹೊತ್ತಿಗೆ ಅದೇ ಸದ್ದು. ಡಬ್ಬಿಯನ್ನು ಇಂದಿರಾಬೆನ್‌ಗೆ ಕೊಟ್ಟುಬಿಟ್ಟೆ. ಇವತ್ತೂ ಸದ್ದಾಯಿತು. ಎದ್ದು ಹೋಗಲಿಲ್ಲ. ಕೂತಲ್ಲಿಂದಲೇ ಸುಭದ್ರಾಳನ್ನು ಕೇಳಿದೆ. ಇಲ್ಲೂ ಬರೆದು ಕೇಳುತ್ತೇನೆ.
ಹನ್ನೊಂದನೇ ತಾರೀಖಿಗೆ ನಿನ್ನ ವರ್ಷದ ಪುಣ್ಯತಿಥಿ. ಮೇದಿನಿ ಹೋಳಿಗೆ ಎಡೆ ಇಡುತ್ತಾಳಂತೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ, ಸುಭದ್ರಾ? ನನ್ನ ತಾಟಿಗೆ ಹೆದರಿದೆಯಾ, ಇಲ್ಲ ನನ್ನ ಮೇಲಿನ ಸಿಟ್ಟಾ? ಎಡೆ ಇಡುವ ಮೊದಲು, ಹನ್ನೊಂದರೊಳಗೆ ಹೇಳು.