ಎರಡನೇ ಪುಟದ ಚೌಕ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಮುದ್ದಿನ ಗುಬ್ಬಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯೆ? ಕೆಮ್ಮು ಹೋಯಿತೇ? ಹೊಸ ಮನೆಯ ನೆಲ ತಂಪು ಅಂತ ನೀನೇ ಅಂದಿದ್ದೆ, ಬರಿಗಾಲಲ್ಲಿ ಓಡಾಡಬೇಡ. ನಾನು, ನಿನ್ನ ಅಪ್ಪ ಚೆನ್ನಾಗಿದ್ದೇವೆ. ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಿನ್ನ ಸಿಟ್ಟು ನ್ಯಾಯವೇ. ಆದರೂ ಓದದೆ ಹರಿದು ಹಾಕಬೇಡ ತಾಯಿ.

ಸಿಟ್ಟು ಯಾಕೆಂದು ನನಗೆ ಗೊತ್ತಿಲ್ಲವೇ? ರಜೆಯ ಹೊತ್ತಿಗೆಂದು ನಾನು ಮಾಡಿ ನೆಂಟರಿಗೆಲ್ಲ ಹಂಚಿದ ‘ಮನೆ ವಾರ್ತೆ’ಯಲ್ಲಿ ಎಲ್ಲರ ಸುದ್ದಿಯೂ ಇದೆ. ಎರಡನೇ ಪುಟದಲ್ಲಿ ನಿನ್ನ ಫೋಟೊದ ಕೆಳಗೆ ಮಾತ್ರ ‘ನಿಮ್ಮ ಸುದ್ದಿಯನ್ನು ಇಲ್ಲಿ ಬರೆಯಿರಿ’ ಎಂದು ಅಚ್ಚಾಗಿದೆ. ನಗುತ್ತಿರುವ ನಿನ್ನ ಮುಖ, ಅದರ ಕೆಳಗೆ ಆ ಸಾಲು. ನೆನೆಸಿಕೊಂಡರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನಿನ್ನ ಅಣ್ಣ ತನ್ನ ಹಳೆಯ ಕಂಪ್ಯೂಟರ್ ಇಲ್ಲಿ ತಂದಿಟ್ಟು, ಅದರಲ್ಲಿ ಡಿಟಿಪಿ ಸಾಫ್ಟ್‌ವೇರ್ ಹಾಕಿಕೊಟ್ಟ. ಪುಟಗಳು ಮೊದಲೇ ಸಿದ್ಧವಾಗಿರುತ್ತವೆ, ಒಂದೊಂದು ಚೌಕದಲ್ಲೂ ಆ ಸಾಲು ಇರುತ್ತದೆ, ಅದರ ಜಾಗದಲ್ಲಿ ನಮ್ಮ ಸುದ್ದಿ ತುಂಬಿದರಾಯಿತು ಅಂದ. ಆಹಾ, ತುಂಬಿದರಾಯಿತಂತೆ! ಫಾಂಟ್ ಬದಲಾಯಿಸಿದೆ, ಒತ್ತಕ್ಷರಗಳೆಲ್ಲ ದಿಕ್ಕಾಪಾಲಾದವು. ಫೋಟೊದ ಮೂಲೆ ಹಿಡಿಯುವ ಬದಲು ಪಕ್ಕ ಹಿಡಿದೆಳೆದೆ, ನಿನ್ನ ಅಣ್ಣನ ಮುಖ ಕುಂಬಳಕಾಯಿಯಾಯಿತು. ಅವನಿಗೆ ಬಡ್ತಿ ಸಿಕ್ಕಿದ ಸುದ್ದಿಯಲ್ಲಿ ‘ಬಡ್ಡಿ ಸಿಕ್ಕಿದೆ’ ಎಂದು ಹೊಡೆದಿದ್ದೆ. ನಿನ್ನ ಅಪ್ಪ ಕನ್ನಡಕ ಏರಿಸಿಕೊಂಡು "ಎಷ್ಟು ಪರ್ಸೆಂಟಂತೆ?" ಅಂದರು. ನಗಬೇಡ. ಅಯ್ಯೋ, ನಕ್ಕುಬಿಡು, ಪರವಾಗಿಲ್ಲ.

ಕೊನೆಕೊನೆಗೆ ಕೈ ಕುದುರಿತು, ಜಂಬವೂ ಬಂತು ಕಣೇ. ದೊಡ್ಡತ್ತೆಯ ಮಂಡಿ ಆಪರೇಷನ್ನಿಗೆ ಒಂದಿಡೀ ಕಾಲಂ ಕೊಟ್ಟೆ. ಮೊದಲ ಪುಟದ ನೆತ್ತಿಯ ಮೇಲೆ ‘ಸಂಪಾದಕಿ’ ಎಂದು ನನ್ನ ಹೆಸರನ್ನೂ ಹಾಕಿಕೊಂಡೆ. ದೊಡ್ಡತ್ತೆ ಫೋನ್ ಮಾಡಿ ಹೊಗಳುತ್ತಾರೆ ಎಂದು ಕಾದಿದ್ದೆ. ಫೋನೇನೋ ಬಂತು. "ಏನಮ್ಮಾ, ನಿನ್ನ ಮಗಳದು ಸುದ್ದೀನೇ ಇಲ್ವಾ, ಇಲ್ಲಾ ಹೇಳೋ ಹಾಗಿಲ್ವಾ?" ಅಂದರು. "ಕಂಪ್ಯೂಟರ್ ಎಡವಟ್ಟು ಮಾಡ್ಬಿಡ್ತು ಅತ್ತಿಗೆ" ಅಂದುಬಿಟ್ಟೆ. ನಿನಗೂ ಅದನ್ನೇ ಹೇಳಿದೆ, ನೀನು ಕಳಿಸಿದ ಸುದ್ದಿ ಬಂದೇ ಇಲ್ಲ ಅಂತ. ನೀನು "ಆಯ್ತಮ್ಮ" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟೆ. ಕೂಗಾಡಿದ್ದರೆ ನಾನೂ ತಿರುಗಿ ಕೂಗಾಡುತ್ತಿದ್ದೆ.

ನೀನು ಗಂಡನನ್ನು ಬಿಟ್ಟು ಬೇರೆ ಮನೆ ಮಾಡಿದ್ದನ್ನು ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಯಾರು ಕೇಳಿದರೂ "ಅಳಿಯಂದಿರಿಗೆ ರಜ ಸಿಕ್ಕಿಲ್ಲ" ಎಂದು ತೇಲಿಸಿಬಿಡುತ್ತಿದ್ದೆ. "ಮಗಳೇನು ಕಳ್ಳತನ ಮಾಡಿದಾಳಾ, ಹೀಗೆ ಬಚ್ಚಿಡೋಕೆ?" ಎಂದು ನಿನ್ನ ಅಪ್ಪ ಕೇಳಿದಾಗ ಅವರ ಮೇಲೇ ರೇಗಿದೆ. "ಇಲ್ಲಿ ನಿದ್ದೆಯೇ ಬರಲ್ಲಮ್ಮ" ಎಂದು ಗಂಡನ ಮನೆಯಿಂದ ನೀನು ಅವತ್ತು ಹೇಳಿದಾಗ, "ಮಲಗೋ ಮುಂಚೆ ಬಿಸಿ ಹಾಲು ಕುಡಿ" ಅಂದು ಮಾತು ಮುಗಿಸಿದವಳಲ್ಲವೇ ನಾನು. ನಿನಗೆ ಕಷ್ಟವಿದೆ ಎಂದು ಗೊತ್ತಾಗಿತ್ತು. ಕೇಳಿದರೆ ಎಲ್ಲಿ ಪೂರ್ತಿ ಹೇಳಿಬಿಡುತ್ತೀಯೋ ಎಂದು ಹೆದರಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದರು. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ
ಅಮ್ಮ

ತಾ.ಕ.: ‘ಒಂದು ಮಾತು ಮರೆತಿದ್ದೆ’ ಎಂದು ಶುರು ಮಾಡಲು ಹೊರಟೆ, ಅದೂ ಸುಳ್ಳಾಗುತ್ತಿತ್ತು. ಕಂಪ್ಯೂಟರ್ ಪಾಪ ಏನೂ ಮಾಡಿಲ್ಲ. ನೀನು ಕಳಿಸಿದ್ದು ಬಂದಿತ್ತು ಗುಬ್ಬಿ. ‘ನಾನೀಗ ಒಬ್ಬಳೇ ಇದ್ದೇನೆ. ಚಿಕ್ಕ ಮನೆ. ಅಡುಗೆಮನೆಗೆ ಬೆಳಗಿನ ಬಿಸಿಲು ಬರುತ್ತದೆ. ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.’ ಚೌಕದಲ್ಲಿ ಕೂರಿಸಿಯೂ ಇದ್ದೆ, ಒಂದು ಒತ್ತಕ್ಷರವೂ ಮುರಿಯದೆ ಕೂತಿತ್ತು. ದೊಡ್ಡತ್ತೆ ಓದುತ್ತಾರಲ್ಲ ಅನ್ನಿಸಿತು, ನಾನೇ ಅಳಿಸಿದೆ. ಅಳಿಸಿದರೆ ಮೊದಲಿದ್ದ ಸಾಲು ತಾನಾಗಿ ಬಂದು ಕೂರುತ್ತದೆ. ಬದಲಿಗೆ ಏನು ಬರೆಯಲಿ ಎಂದು ತೋಚದೆ ಎದ್ದು ಹೋದವಳು, ಆಮೇಲೆ ಬಂದು ಹಾಗೇ ಅಚ್ಚು ಹಾಕಿಬಿಟ್ಟೆ. ಇವತ್ತು ಬೆಳಗ್ಗೆ ನಿನ್ನ ಮಾತನ್ನು ಅದರ ಜಾಗದಲ್ಲಿ ಕೂರಿಸಿ, ‘ಹಿಂದಿನ ಪ್ರತಿಯಲ್ಲಿ ಮಗಳ ಸುದ್ದಿಯನ್ನು ಸಂಪಾದಕಿಯೇ ಅಳಿಸಿದ್ದಳು’ ಎಂದು ಕೆಳಗೆ ಸೇರಿಸಿ, ಎಲ್ಲರಿಗೂ ಹೊಸ ಪ್ರತಿ ತೆಗೆದಿದ್ದೇನೆ. ನಿನ್ನದು ಇದರ ಜೊತೆಗಿದೆ. ದೊಡ್ಡತ್ತೆಯ ಲಕೋಟೆ ಎಲ್ಲಕ್ಕಿಂತ ಮೇಲಿದೆ. ನಿನ್ನ ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ನನ್ನ ಧೈರ್ಯ ಕರಗುವ ಮೊದಲು ಅಂಚೆ ಡಬ್ಬಿಗೆ ಹಾಕಿ ಬರಬೇಕು. ಫೋನ್ ಎತ್ತದಿದ್ದರೂ ಸರಿ, ನೀನು ಚೆನ್ನಾಗಿ ನಿದ್ದೆ ಮಾಡು.