ಮೂರನೇ ಗೇರ್ ಮತ್ತು ವ್ಯಾಸಲೀನ್ ಡಬ್ಬಿ

ಅಕ್ಟೋಬರ್ 14, ರಾತ್ರಿ

ಡೆಲ್ಬರ್ಟ್, ಹೆಂಡತಿಯ ದಿನಚರಿ ಕದ್ದು ಓದಲು ನಾಚಿಕೆಯಾಗುವುದಿಲ್ಲವೇ? ಓದು, ಈ ಸಲ ನಿನಗೇ ಬರೆದಿದ್ದೇನೆ.

ಬಲಗೈಗೆ ಲಕ್ವ ಹೊಡೆದ ಮೇಲೆ ನೀನು ಮೊದಲ ಸಲ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿದೆ. ಇವತ್ತು ಚರ್ಚಿನ ಗುಡ್ಡದವರೆಗೆ ಓಡಿಸಿದರೆ ಮೂರನೇ ಗೇರೇ ಬೀಳಲಿಲ್ಲ.

"ನನ್ ಕೈ ಸತ್ತೋಯ್ತು ಕಣೇ ಓಪಲ್, ಸಾಮಾನೆಲ್ಲ ಮಾರ್ಬಿಡು" ಎಂದು ನೀನು ಕೂತುಬಿಟ್ಟೆ.

"ಬಾಯಿನ್ನೂ ಸತ್ತಿಲ್ವಲ್ಲ, ಊಟ ಮಾಡು" ಎಂದು ನಾನು ಗದರಿದೆ. ಈಗ ನನಗೆ ನಿದ್ದೆ ಬರುತ್ತಿಲ್ಲ.

ಜೋಡಿಸುವಾಗ ಒಳಗಿನ ಸಣ್ಣ ಗುಂಡುಗಳು ಉದುರದಂತೆ ಅಂಟಿಸಲು ನೀನು ವ್ಯಾಸಲೀನ್ ಕೇಳಿದ್ದೆ. ಕರಿ ಬೆರಳು ಅದ್ದುತ್ತೀಯೆಂದು ನಾನೇ ಬಚ್ಚಿಟ್ಟು, ಇಲ್ಲವೆಂದೆ. ನೀನು ಚಕ್ರದ ಗ್ರೀಸ್ ಹಚ್ಚಿದೆ. ಅದು ವ್ಯಾಸಲೀನಿನಂತೆ ಬಿಸಿ ಎಣ್ಣೆಯಲ್ಲಿ ಕರಗದೆ, ಗೇರ್ ಬೀಳಿಸುವ ಎಣ್ಣೆಯ ದಾರಿ ಕಟ್ಟಿರುತ್ತದೆ. ತಪ್ಪು ನಿನ್ನ ಕೈಯದಲ್ಲ, ನನ್ನದು.

ಬಾಯಿಬಿಟ್ಟು ಹೇಳಲಾರೆ. ಡಬ್ಬಿ ಮೇಜಿನ ಮೇಲಿದೆ, ಮತ್ತೆ ಬಿಚ್ಚು. ಮುಂದಿನ ತಿಂಗಳು ಹುಟ್ಟುವ ಮೊದಲು ಇಲ್ಲೇ ಉತ್ತರ ಬರೆ. ಬಲಗೈಯಲ್ಲೇ ಬರೆ.