ಅಕ್ಕನ ಹೊರೆಗಲ್ಲು

ಮೇ ೨೪, ಭಾನುವಾರ

ದುರ್ಗಕ್ಕ ಕೇಳಿದ್ದು ಒಂದೇ ಒಂದು ಫೋಟೊ. ಅದೊಂದನ್ನೇ ಬಿಟ್ಟು ಬಂದಿದ್ದೇನೆ.

ಸಂಡೂರಿನ ಗುಡ್ಡದ ದಾರಿಯಲ್ಲೊಂದು ಹೊರೆಗಲ್ಲಿದೆ. ಕಟ್ಟಿಗೆ ತರುವವರು ತಲೆಯ ಹೊರೆಯನ್ನು ಒಬ್ಬರೇ ಇಳಿಸಿಕೊಳ್ಳಲೆಂದು ಎದೆಯೆತ್ತರಕ್ಕೆ ನಿಲ್ಲಿಸಿದ್ದು. ಮದುವೆಗೆ ಮುಂಚೆ ಅಕ್ಕ ದಿನಾ ಹತ್ತಿದ ಗುಡ್ಡ. ಈಗ ಮೊಣಕಾಲು ಬಿಡುವುದಿಲ್ಲ. ಬೆಳಿಗ್ಗೆ ನಾನೇ ಹತ್ತಿದೆ. ಬೇಸಿಗೆ ಮುಗಿಯುತ್ತ ಬಂದರೂ ಕಕ್ಕೆ ಹೂ ಇನ್ನೂ ಉದುರಿಲ್ಲ. ಪುಣ್ಯಕ್ಕೆ ನವಿಲೂ ಸಿಕ್ಕಿತು.

ಸಂಜೆ ಕ್ಯಾಮೆರಾ ಕೈಗಿಟ್ಟೆ. ಅಕ್ಕ ಒಂದೊಂದೇ ಚಿತ್ರ ನೋಡಿದಳು.

“ನನ್ನ ಕಲ್ಲೆಲ್ಲೈತಲೇ?”

ಆಗ ಹೊಳೆಯಿತು. ಕೈ ಅಲುಗಬಾರದೆಂದು ಕ್ಯಾಮೆರಾವನ್ನು ಅದೇ ಕಲ್ಲಿನ ಮೇಲಿಟ್ಟು ಎಲ್ಲವನ್ನೂ ತೆಗೆದಿದ್ದೆ!

“ನವಿಲು ನೋಡಿ ನನ್ನ ಕಲ್ಲು ಮರ್ತಿ, ಭಾಳ ಶಾಣ್ಯಾ ನೀ!” ಎಂದು ನಕ್ಕಳು. ಆಮೇಲೆ ಕಣಿವೆಯ ಚಿತ್ರ ಬಂತು. ಬೆರಳು ಅಲ್ಲೇ ನಿಂತಿತು.

“ಅಲ್ಲಿಂದ ಇಷ್ಟು ದೂರ ಕಾಣ್ತೈತೇನೋ? ಹೊರಿ ಇಳಿಸಿದ ಕೂಡ್ಲೆ ಕಾಲಾಗಿನ ಮುಳ್ಳು ತಗ್ಯಾಕ ಕುಂದರ್ತಿದ್ದೆ. ಒಂದಿನಾನೂ ತಲಿ ಎತ್ತಿ ನೋಡ್ಲಿಲ್ಲಪ್ಪ.”

ಬರುವ ವಾರ ಮತ್ತೆ ಹೋಗಿ ಕಲ್ಲಿನ ಫೋಟೊ ತರುತ್ತೇನೆಂದೆ. “ಬ್ಯಾಡ” ಎಂದಳು.

ಮಲಗುವ ಹೊತ್ತಾಯಿತು, ಕ್ಯಾಮೆರಾ ಇನ್ನೂ ವಾಪಸು ಕೊಟ್ಟಿಲ್ಲ. ಕೇಳಲು ನನಗೂ ಮನಸ್ಸಾಗುತ್ತಿಲ್ಲ.